ಚಾವಡಿ ಕಲ್ಲಿಗೆ ನೀರು

ಹುತಾತ್ಮರ ಬಗ್ಗೆ ಮಾತಾಡಲು ನನ್ನನ್ನು ಕರೆಯುತ್ತಾರೆ. ಜಮಖಂಡಿಯಲ್ಲಿ ಕರೆಯುತ್ತಾರೆ, ಮುಧೋಳದಲ್ಲಿ ಕರೆಯುತ್ತಾರೆ, ಬನಹಟ್ಟಿಯ ನೇಕಾರರ ಓಣಿಯ ಯುವಕ ಮಂಡಳದವರಂತೂ ಪ್ರತಿವರ್ಷ ಜುಲೈ ಇಪ್ಪತ್ತಾರರ ಕಾರ್ಗಿಲ್ ದಿನಕ್ಕೆ ಕಾರು ಕಳಿಸಿ ಕರೆಸಿಕೊಳ್ಳುತ್ತಾರೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು ನಾನು, ವಿಶ್ವಾಸ ಕುಲಕರ್ಣಿ. ಧ್ವನಿ ಚೆನ್ನಾಗಿದೆ. ಎಲ್ಲಿ ಗಂಟಲು ಕಟ್ಟಬೇಕು, ಎಲ್ಲಿ ಮಾತು ನಿಲ್ಲಿಸಿ ಸುಮ್ಮನಾಗಬೇಕು ಎನ್ನುವುದು ರೂಢಿಯಾಗಿಬಿಟ್ಟಿದೆ. ನಾನು ಸುಮ್ಮನಾದ ಆ ಹೊತ್ತಿನಲ್ಲಿ ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹೊದಿಸಿದ ಶಾಲುಗಳು ಟ್ರಂಕು ತುಂಬಿವೆ. ನನ್ನ ಹೆಂಡತಿ ಅಲಕಾ ಅವನ್ನು ಮದುವೆ ಮುಂಜಿವೆಗಳಲ್ಲಿ ಆಯೇರಿಯ ಉಡುಗೊರೆಯಾಗಿ ಕೊಟ್ಟು ಜಾಗ ಖಾಲಿ ಮಾಡಿಕೊಳ್ಳುತ್ತಾಳೆ.

ಹಾಗೆ ಮಾತಾಡಿ ಬಂದು ನಾನು ಕಳಚಿ ಹಾಕಿದ ಬೆವರಿನ ಅಂಗಿಯನ್ನು ಮರುದಿನ ಬೆಳಿಗ್ಗೆ ಒಬ್ಬ ಸೈನಿಕನ ನೆನಪಿನ ಕಲ್ಲಿನ ಮೇಲೆ ಕುಕ್ಕಿ ಒಗೆಯಲಾಗುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆಯಿತು ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತಿದ್ದೇನೆ.

ನಮ್ಮ ಊರು ಬೀಳಗಿ ತಾಲೂಕಿನ ಹೊಳೆಗುಂದಿ. ಆ ಊರು ಈಗಿಲ್ಲ, ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಊರ ಚಾವಡಿಯ ಕಟ್ಟೆಯ ಮುಂಬದಿಗೆ ಒಂದು ಕರೀ ಕಲ್ಲು ಕೂರಿಸಿದ್ದರು. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಬಲಗಡೆಯ ಒಂದು ಮೂಲೆ ಒಡೆದಿತ್ತು. ಮೊದಲನೇ ಮಹಾಯುದ್ಧಕ್ಕೆ ಈ ಊರಿನಿಂದ ಇಷ್ಟು ಜನ ಹೋದರು, ಅವರಲ್ಲಿ ಒಬ್ಬ ಸತ್ತ ಎಂದು ಬ್ರಿಟಿಷರ ಕಾಲದಲ್ಲಿ ಅದರ ಮೇಲೆ ಕೆತ್ತಿಸಿದ್ದರು. ಹೆಸರು ಹಾಕಿರಲಿಲ್ಲ. ಸತ್ತ ಆ ಒಬ್ಬ ಯಾರೆಂದು ಮಾತ್ರ ಊರಿಗೆಲ್ಲ ಗೊತ್ತಿತ್ತು. ಊರ ಹೊರಗಿನ ಕೇರಿಯ ದುರಗಪ್ಪ. ಬಸ್ರಾದ ಕಡೆ ಎಲ್ಲೋ ತೀರಿಕೊಂಡ. ಹೆಣ ಬರಲಿಲ್ಲ, ಒಂದು ಕಾಗದ ಬಂತು. ಅದನ್ನು ಅವನ ಹೆಂಡತಿಗೆ ಓದಿ ಹೇಳಿದವರು ಊರ ಕುಲಕರ್ಣಿಯಾಗಿದ್ದ ನನ್ನ ಮುತ್ತಜ್ಜ.

ಹೆಣಕ್ಕೆ ನೀರು ಎರೆಯದೆ ಸತ್ತವನನ್ನು ಕಳಿಸುವುದು ಹೇಗೆ? ಮುಂದೆ ಕಲ್ಲು ಬಂದಾಗ ದುರಗಪ್ಪನ ಹೆಂಡತಿ ಕಲ್ಲಿಗೇ ನೀರು ಹಾಕಿದಳು. ಆಮೇಲೆ ಆ ಮನೆಗೆ ಬಂದ ಸೊಸೆಯಂದಿರೆಲ್ಲ ವರ್ಷಕ್ಕೊಮ್ಮೆ, ಹಿರಿಯರಿಗೆ ಎಡೆ ಇಡುವ ಮಾನಮಿ ಅಮಾವಾಸ್ಯೆಯ ದಿನ, ಒಂದು ಕೊಡ ನೀರು ತಂದು ಕಲ್ಲಿನ ಮೈ ತೊಳೆದು ಹೋಗುತ್ತಿದ್ದರು. ಚಾವಡಿಯ ಮೆಟ್ಟಿಲಿಗೆ ಕೇರಿಯವರು ಕಾಲಿಡುವಂತಿರಲಿಲ್ಲ. ಕೆಳಗೆ ನಿಂತು ಕೈ ಚಾಚಿ ತೊಳೆಯಬಹುದಿತ್ತು, ಅಷ್ಟಕ್ಕೆ ಮಾತ್ರ ಪರವಾನಗಿ. ದುರಗಪ್ಪನ ಮೊಮ್ಮಗ ಪರಸಪ್ಪನ ಹೆಂಡತಿ ತಾರವ್ವ ಹೊಸದಾಗಿ ಬಂದಾಗ ನಾನು ಎಂಟು ವರ್ಷದವನು. ಅವಳು ಗಿಡ್ಡ. ತುದಿಗಾಲಲ್ಲಿ ನಿಂತು ತಿಕ್ಕುವಾಗ ನೀರೆಲ್ಲ ಅವಳ ತೋಳಿನಿಂದ ಇಳಿದು ಕುಬಸ ಒದ್ದೆಯಾಗುತ್ತಿತ್ತು. ನಾನು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ನೋಡುತ್ತಿದ್ದೆ. ನೀರು ಸಿಡಿದಾಗ ಕಾಲು ಮೇಲಕ್ಕೆ ಎತ್ತಿಕೊಳ್ಳುತ್ತಿದ್ದೆ. ಹಾಗೆ ಎತ್ತಿಕೋ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವ ಅವಶ್ಯಕತೆಯೂ ಇರಲಿಲ್ಲ.

ಊರು ಮುಳುಗುವುದು ಖಚಿತವಾದ ಮೇಲೆ ಎಲ್ಲರೂ ಮನೆ ಬಿಚ್ಚತೊಡಗಿದರು. ಬಾಗಿಲು, ಚೌಕಟ್ಟು, ತೊಲೆ, ಕಂಬ, ಪಾಯದ ಕಲ್ಲು, ಯಾವುದನ್ನೂ ಬಿಡಲಿಲ್ಲ. ದೇವರುಗಳನ್ನು ಬಾಜಾ ಭಜಂತ್ರಿ ಮಾಡಿ ಒಯ್ದರು. ಚಾವಡಿ ಮಾತ್ರ ಸರಕಾರದ್ದು, ಅದಕ್ಕೆ ವಾರಸುದಾರರಿಲ್ಲ. ಅದರ ಸಾಮಾನುಗಳ ಪಟ್ಟಿ ಬರೆಯಲು ಅಧಿಕಾರಿಗಳು ಬಂದಾಗ ಪಂಚರಲ್ಲಿ ಒಬ್ಬರಾಗಿ ಕೂತು ಪಟ್ಟಿ ಬರೆದುಕೊಟ್ಟವರು ನನ್ನ ತಂದೆ ಕೃಷ್ಣಾಜಿ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಪಟ್ಟಿಯಲ್ಲಿ ಚಾವಡಿ ಕಲ್ಲಿನ ಹೆಸರಿನ ಮುಂದೆ ‘ನೀರಿಗೆ ಬಿಟ್ಟಿದೆ’ ಎಂದು ಬರೆದರು. ಮೂರನೇ ದಿನ ಬೆಳಿಗ್ಗೆ ಅದೇ ಕಲ್ಲನ್ನು ಮೀಟಿ ತೆಗೆಸಿ ನಮ್ಮ ಟ್ರಾಕ್ಟರಿಗೆ ಹೇರಿಸಿದರು.

ಜಮಖಂಡಿಯ ಹೊಸ ಮನೆಯ ಹಿತ್ತಲಲ್ಲಿ ಇಟ್ಟಿಗೆಯ ಎರಡು ಗಿಡ್ಡ ಕಂಬ ಕಟ್ಟಿಸಿ, ಅದರ ಮೇಲೆ ಕಲ್ಲನ್ನು ಮಲಗಿಸಿದೆವು. ಕಲ್ಲಿನ ಒಂದು ತುದಿಯನ್ನು ಹಿಡಿದವನು ನಾನೇ.

“ಅಕ್ಷರ ಇದ್ದ ಬದಿ ಕೆಳಗ ಮಾಡು,” ಎಂದರು ಅಪ್ಪ. “ಒಗಿಯೂವಾಗ ಸಂದ್ಯಾಗ ಕೊಳಿ ಕೂಡತದ.”

“ಪರಸಪ್ಪನ ಮನಿಯವರು ಕೇಳಿದ್ರ?” ಎಂದೆ.

“ನೀರಾಗ ಹೋಗೂ ಕಲ್ಲು. ಯಾರು ಕೇಳ್ತಾರ?”

ನನಗೆ ಆಗ ಮೂವತ್ತೆಂಟು. ನೌಕರಿ ಇತ್ತು, ಮೀಸೆ ಇತ್ತು, ತರಗತಿಯಲ್ಲಿ ಅನ್ಯಾಯದ ವಿರುದ್ಧ ಪಾಠ ಮಾಡುತ್ತಿದ್ದೆ. ತುದಿ ಎತ್ತಿ ಕಲ್ಲನ್ನು ಮಗುಚಿದೆ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಬೇಕೆಂದಿದ್ದರೆ ಆ ಹನ್ನೊಂದು ವರ್ಷದಲ್ಲಿ ಯಾವ ದಿನವಾದರೂ ಕಲ್ಲು ತಿರುಗಿಸಬಹುದಿತ್ತು. ತಿರುಗಿಸಲಿಲ್ಲ.

ಇನ್ನೂ ಒಂದಿದೆ, ಇದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಕೆಲವು ವರ್ಷದ ಹಿಂದೆ ಮಾನಮಿ ಅಮಾವಾಸ್ಯೆಯ ಮಧ್ಯಾಹ್ನ ಬೀಳಗಿ ಕಡೆಯಿಂದ ಬರುವಾಗ ಹಿನ್ನೀರಿನ ದಂಡೆಯಲ್ಲಿ ತಾರವ್ವನನ್ನು ಕಂಡೆ. ಹಳೇ ಊರು ಇದ್ದ ದಿಕ್ಕಿಗೆ ಮುಖ ಮಾಡಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ತಲೆಯ ಮೇಲಿನ ಕೊಡ ಇಳಿಸಿ ನಿಧಾನಕ್ಕೆ ಹೊಳೆಗೆ ಸುರಿದಳು. ಚಾವಡಿ ಕಲ್ಲು ತಳದಲ್ಲಿದೆ ಎಂದುಕೊಂಡು ನೀರಿಗೆ ನೀರು ಹಾಕುತ್ತಿದ್ದಳು. ನಾನು ಗಾಡಿ ನಿಲ್ಲಿಸಿ ನೋಡಿದೆ, ಮಾತಾಡಿಸದೆ ಬಂದುಬಿಟ್ಟೆ. ಮುಂದಿನ ಜುಲೈಯಲ್ಲಿ ಬನಹಟ್ಟಿಯ ಭಾಷಣದಲ್ಲಿ ಅವಳ ಹೆಸರು ಹೇಳದೆ ಆ ದೃಶ್ಯವನ್ನು ಬಣ್ಣಿಸಿದೆ. ಅಷ್ಟು ಚಪ್ಪಾಳೆ ನನಗೆ ಅದಕ್ಕೂ ಮೊದಲು ಬಿದ್ದಿರಲಿಲ್ಲ. ಆಮೇಲೆ ಅದನ್ನು ಪ್ರತಿ ಭಾಷಣದಲ್ಲೂ ಹೇಳತೊಡಗಿದೆ.

ಈ ವರ್ಷ ಆಗಸ್ಟಿನಲ್ಲಿ ತಾರವ್ವ ಮತ್ತು ಅವಳ ಮಗಳು ಸಂಘಮಿತ್ರಾ ನಮ್ಮ ಮನೆಗೆ ಬಂದರು. ಸಂಘಮಿತ್ರಾ ನನ್ನ ವಿದ್ಯಾರ್ಥಿನಿ, ಈಗ ರಬಕವಿಯಲ್ಲಿ ಶಿಕ್ಷಕಿ. ಹೊಸ ಹೊಳೆಗುಂದಿಯಲ್ಲಿ, ಅಂದರೆ ಮುಳುಗಿದವರಿಗೆ ಸರಕಾರ ಕೊಟ್ಟ ಜಾಗದಲ್ಲಿ, ಮಾಜಿ ಸೈನಿಕರ ಸಂಘದವರನ್ನೂ ಪಂಚಾಯತಿಯವರನ್ನೂ ಒಪ್ಪಿಸಿ ಹೊಸ ಸ್ಮಾರಕ ಮಾಡಿಸುತ್ತಿದ್ದಳು. ಮಾನಮಿ ಅಮಾವಾಸ್ಯೆಯ ದಿನವೇ ಉದ್ಘಾಟನೆ.

“ಹಳೇ ಕಲ್ಲಿನ್ಯಾಗಿನ ಮಾತು ಹಂಗ ಬೇಕ್ರಿ ಸರ,” ಎಂದಳು. “ಅದರ ಕೆಳಗ ಮುತ್ತಜ್ಜನ ಹೆಸರು ಕೆತ್ತಸ್ತೀವಿ. ಅವ್ವಗ ಓದಾಕ ಬರಂಗಿಲ್ಲ. ಅಪ್ಪಗ ಏಳ ಮಂದಿ ಅಂತಿತ್ತೋ ಒಂಬತ್ತೋ ನೆನಪಿಲ್ಲ. ನಿಮ್ಮ ಮನಿ ಚಾವಡಿ ಮಗ್ಗಲಕ್ಕ ಇತ್ತು, ನೀವು ದಿನಾ ನೋಡೀರಿ.”

“ಕಲ್ಲು ಸಿಗಬಹುದೇನೋ ಅಂತ ಹುಡುಕಲಿಲ್ಲೇನು?” ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಕಳ್ಳನಿಗೆ ಮಾತು ಹೆಚ್ಚು.

“ಬೀಳಗ್ಯಾಗ ಹಳೇ ಪಟ್ಟಿ ತಗಸಿ ನೋಡಿದ್ನಿರಿ. ನೀರಿಗೆ ಬಿಟ್ಟಿದೆ ಅಂತ ಬರದಾರ. ಅಕ್ಷರ ಭಾಳ ಛಲೋ ಅದಾವ್ರಿ.”

ನಾನು ನೆಲ ನೋಡಿದೆ. ಕಲ್ಲು ನಾನು ಕೂತ ಕುರ್ಚಿಯಿಂದ ಹದಿನೈದು ಹೆಜ್ಜೆ ದೂರದಲ್ಲಿತ್ತು. ಬಾಯಿ ತೆರೆದರೆ ಮುಗಿಯುತ್ತಿತ್ತು. “ನೆನಪು ಮಾಡಿಕೊಂಡು ಬರೆದು ಕಳಸ್ತೀನವ್ವಾ,” ಎಂದೆ.

ಅಲಕಾ ಎಲ್ಲರಿಗೂ ಒಂದೇ ತರಹದ ಕಪ್ಪಿನಲ್ಲಿ ಚಹಾ ಕೊಟ್ಟಳು. ಹೊಳೆಗುಂದಿಯಲ್ಲಿ ತಾರವ್ವನಿಗೆ ನಮ್ಮ ಮನೆಯಲ್ಲಿ ಬೇರೆ ಕಪ್ಪಿತ್ತು, ದನದ ಕೊಟ್ಟಿಗೆಯ ಮಾಡಿನಲ್ಲಿ ಇಟ್ಟಿರುತ್ತಿದ್ದ ಕಪ್ಪು. ಕುಡಿದು ತಾನೇ ತೊಳೆದು ಅಲ್ಲೇ ಇಡಬೇಕಿತ್ತು. ಈಗ ಚಹಾ ಮುಗಿಸಿ ಅವಳು ಕಪ್ಪು ಹಿಡಿದೇ ಎದ್ದಳು.

“ಇಡ್ರಿ ತಾರವ್ವಾ, ನಾ ತೊಳೀತೀನಿ,” ಎಂದಳು ಅಲಕಾ.

“ಇರಲಿ ಬಿಡ್ರಿ ಅವ್ವಾರ. ರೂಢಿ ಐತಿ.”

ಹಿತ್ತಲ ಬಾಗಿಲು ದಾಟಿ ಹೋದಳು. ಕುರ್ಚಿಯಿಂದಲೇ ನನಗೆ ಎಲ್ಲ ಕಾಣುತ್ತಿತ್ತು. ಒಗೆಯುವ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಕಪ್ಪಿಗೆ ನೀರು ಹಾಕಿದಳು. ಒಂದು ಸಣ್ಣ ಕಪ್ಪು ತೊಳೆಯಲು ಎಷ್ಟು ಹೊತ್ತು ಬೇಕು? ಅವಳು ಬಹಳ ಹೊತ್ತು ಕೂತಳು. ಒಮ್ಮೆ ಎಡಗೈಯನ್ನು ಕಲ್ಲಿನ ಅಂಚಿನ ಕೆಳಗೆ ಇಟ್ಟಳು. ಮೊಣಕಾಲು ನೋವಿಗೆ ಆಸರೆ ಹಿಡಿದಳು ಎಂದುಕೊಂಡೆ. ಹೋಗಿ ಎಬ್ಬಿಸೋಣ, ಕಪ್ಪು ಕಸಿದುಕೊಳ್ಳೋಣ ಎನ್ನಿಸಿತು. ಹತ್ತಿರ ಹೋದರೆ ನನ್ನ ಮುಖ ಎಲ್ಲವನ್ನೂ ಹೇಳಿಬಿಡುತ್ತದೆಂದು ಹೆದರಿ ಕೂತೇ ಇದ್ದೆ. ಅವಳ ಗಂಡನ ಅಜ್ಜನ ಕಲ್ಲಿನ ಮೇಲೆ ಅವಳ ಕೈಯಿಂದಲೇ ನಮ್ಮ ಮನೆಯ ಎಂಜಲು ಕಪ್ಪು ತೊಳೆಸಿದೆ.

“ಯವ್ವಾ, ಬಸ್ಸಿಗೆ ಹೊತ್ತಾತು,” ಎಂದು ಸಂಘಮಿತ್ರಾ ಕರೆದಳು. ತಾರವ್ವ ಹೌದಿನಿಂದ, ಹಿತ್ತಲ ನೀರಿನ ತೊಟ್ಟಿಯಿಂದ, ಇನ್ನೊಂದು ತಂಬಿಗೆ ನೀರು ತೆಗೆದು ಕಲ್ಲಿನ ಮೇಲೆ ಹುಯ್ದು, ಕೈಯಿಂದ ಸವರಿ, ಎದ್ದು ಬಂದಳು. ಹೊರಡುವಾಗ ನನ್ನ ಮುಂದೆ ನಿಂತಳು.

“ಬರ್ತೀವ್ರಿ ಸಣ್ಣ ರಾಯರ. ನೆನಪ ಮಾಡಿಕೊಳ್ರಿ,” ಎಂದಳು.

ಏಳೋ ಒಂಬತ್ತೋ ನನಗೂ ನೆನಪಿರಲಿಲ್ಲ. ಮರುದಿನ ಅಲಕಾ ಸಂತೆಗೆ ಹೋದ ಸಮಯ ನೋಡಿ, ಹಳೇ ಟೂತ್‌ಬ್ರಶ್ಶು, ಒಂದು ಬಕೀಟು ನೀರು ತೆಗೆದುಕೊಂಡು ಹಿತ್ತಲಿಗೆ ಹೋದೆ. ನೆಲಕ್ಕೆ ಗೋಣಿಚೀಲ ಹಾಸಿ ಅಂಗಾತ ಮಲಗಿ, ಎರಡು ಇಟ್ಟಿಗೆ ಕಂಬದ ನಡುವೆ ತಲೆ ತೂರಿಸಿದೆ. ಅರವತ್ತೆರಡು ವರ್ಷದ ನಿವೃತ್ತ ಶಿಕ್ಷಕ, ಮೈಕಿನ ಮುಂದೆ ಹುಲಿ, ಒಗೆಯುವ ಕಲ್ಲಿನ ಕೆಳಗೆ ಮಲಗಿ ಬ್ರಶ್ಶಿನಿಂದ ಪಾಚಿ ಕೆರೆಯುತ್ತಿದ್ದೆ. ಸಾಬೂನಿನ ಲೋಳೆ ಮುಖದ ಮೇಲೆ, ಬಾಯಿಯಲ್ಲಿ ಬೀಳುತ್ತಿತ್ತು. ಒಂದೊಂದೇ ಅಕ್ಷರ ಎದ್ದಿತು. ಮೊಬೈಲನ್ನು ಒಳಗೆ ಹಿಡಿದು ಫೋಟೋ ತೆಗೆದೆ.

‘ಈ ಹಳ್ಳಿಯಿಂದ ಒಂಬತ್ತು ಜನರು ದೊಡ್ಡ ಲಡಾಯಿಗೆ ಹೋದರು. ೧೯೧೪–೧೯೧೯. ಅವರಲ್ಲಿ ಒಬ್ಬನು ಪ್ರಾಣ ಕೊಟ್ಟನು.’

“ಏನು ಮಾಡ್ಲಿಕ್ಕೆ ಹತ್ತೀರಿ ಅಲ್ಲೆ?” ಎಂಬ ಧ್ವನಿ ಕೇಳಿತು. ಅಲಕಾಳ ಕಾಲುಗಳು, ಕಾಯಿಪಲ್ಲೆಯ ಚೀಲ ಕಂಡವು.

ಹೊರಗೆ ತೆವಳಿ ಬಂದು ಮೊಬೈಲು ಕೊಟ್ಟೆ. ಅವಳು ಓದಿದಳು. ಇನ್ನೊಮ್ಮೆ ಓದಿದಳು. ಚಾವಡಿಯ ಕಲ್ಲೆಂಬುದಷ್ಟೇ ಅವಳಿಗೆ ಗೊತ್ತಿತ್ತು. ಮುಧೋಳದಲ್ಲಿ ಹುಟ್ಟಿ ಬೆಳೆದವಳಿಗೆ ನಮ್ಮ ಊರಿನ ಕಥೆಗಳನ್ನು ನಾನು ಆರಿಸಿಯೇ ಹೇಳಿದ್ದೆ.

“ಇದು ಅವರದ?” ಎಂದಳು. “ನಿನ್ನೆ ಬಂದವರದ?”

ಹೌದೆಂದು ತಲೆ ಆಡಿಸಿದೆ.

“ನಿಮಗ ಮೊದಲಿನಿಂದ ಗೊತ್ತಿತ್ತು?”

ಅದಕ್ಕೂ ತಲೆ ಆಡಿಸಿದೆ.

ಅವಳು ಚೀಲ ಕೆಳಗಿಟ್ಟಳು. “ಇಪ್ಪತ್ನಾಲ್ಕು ವರ್ಷ ನನ್ನ ಕೈಲೆ ಮಾಡಿಸಿದ್ರಿ. ಕೂಸಿನ ದುಪಟಿ ಇದರ ಮ್ಯಾಲೆ ಹಿಂಡೇನಿ. ಮುಟ್ಟಿನ ಬಟ್ಟಿ ಒಗದೇನಿ. ಮಾಮಂಜಿಯವರು ಹಾಸಿಗಿ ಹಿಡದಾಗ ಅವರ ಧೋತ್ರ ಒಗದೇನಿ. ನನಗ ಒಂದ ಮಾತು ಹೇಳಬೇಕಂತ ಅನಸಲಿಲ್ಲ ನಿಮಗ?”

“ಅಪ್ಪಾ ತಂದಿದ್ದು…”

“ಮಾಮಂಜಿಯವರು ಹೋಗಿ ಹನ್ನೊಂದು ವರ್ಷ ಆತು. ಈಗ ಯಾರು ಹಿಡಕೊಂಡು ಕೂತಾರ ಇದನ್ನ?” ಎಂದಳು. ಆಮೇಲೆ ಧ್ವನಿ ಇಳಿಸಿ, “ಇವತ್ತ ಫೋನ್ ಮಾಡಿ ಹೇಳ್ರಿ ಆ ಹುಡುಗಿಗೆ.”

“ಉದ್ಘಾಟನೆ ದಿನಾ ಎಲ್ಲಾರ ಮುಂದ ಹೇಳ್ತೀನಿ,” ಎಂದೆ.

“ಯಾಕ? ಇವತ್ತ ಫೋನ್ ಹತ್ತೂದಿಲ್ಲೇನು?”

ಯಾಕೆಂದರೆ ಫೋನಿನಲ್ಲಿ ಹೇಳಿದರೆ ಅದು ತಪ್ಪೊಪ್ಪಿಗೆಯಾಗುತ್ತದೆ, ವೇದಿಕೆಯ ಮೇಲೆ ಹೇಳಿದರೆ ಭಾಷಣವಾಗುತ್ತದೆ. ಇದನ್ನು ಅಂದು ನನಗೆ ನಾನೇ ಒಪ್ಪಿಕೊಂಡಿರಲಿಲ್ಲ, ಈಗ ಬರೆಯುವಾಗ ತಿಳಿಯುತ್ತಿದೆ. ಕಲ್ಲಿನ ಮೇಲಿದ್ದ ಸಾಲುಗಳನ್ನು ಮಾತ್ರ ವಾಟ್ಸಾಪಿನಲ್ಲಿ ಸಂಘಮಿತ್ರಾಳಿಗೆ ಕಳಿಸಿದೆ. ‘ಸರ್, ಇಷ್ಟು ವರ್ಷದ ಮೇಲೂ ಎಂಥಾ ನೆನಪು ನಿಮ್ಮದು’ ಎಂದು ಉತ್ತರ ಬಂತು, ಮುಂದೆ ಎರಡು ಕೈ ಮುಗಿದ ಚಿತ್ರ. ಅಲಕಾ ಅದನ್ನು ನನ್ನ ಭುಜದ ಮೇಲಿಂದ ಓದಿ ಒಳಗೆ ಹೋದಳು. ಅಂದಿನಿಂದ ಅವಳು ಪ್ಲಾಸ್ಟಿಕ್ ಟಬ್ಬಿನಲ್ಲಿ ನಲ್ಲಿಯ ಕೆಳಗೆ ಬಟ್ಟೆ ಒಗೆಯತೊಡಗಿದಳು. ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಕಲ್ಲು ಒಣಗಿ ಬೂದು ಬಣ್ಣಕ್ಕೆ ತಿರುಗಿತು.

ಅಮಾವಾಸ್ಯೆ ಬಂತು. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಧೋತರದಲ್ಲಿ ಕೂತು ಅಪ್ಪನಿಗೆ ತರ್ಪಣ ಬಿಟ್ಟೆ. ಎಳ್ಳು ನೀರು ಬೆರಳ ಸಂದಿಯಿಂದ ತಟ್ಟೆಗೆ ಇಳಿಯುವಾಗ ಅಪ್ಪನ ಮುಖ ನೆನಪಿಗೆ ಬರಲಿಲ್ಲ, ಅವರ ಅಕ್ಷರ ನೆನಪಿಗೆ ಬಂತು. ನನಗೆ ನನ್ನ ಹಿರಿಯರಿಗೆ ನೀರು ಬಿಡಲು ಯಾರ ಪರವಾನಗಿಯೂ ಬೇಕಾಗಿರಲಿಲ್ಲ. ಮನೆಯೊಳಗೆ, ಮಣೆಯ ಮೇಲೆ, ಬೆಳ್ಳಿಯ ಪಂಚಪಾತ್ರೆಯಲ್ಲಿ ನೀರಿತ್ತು.

ಹತ್ತು ಗಂಟೆಗೆ ಪಂಚಾಯತಿಯವರ ಕಾರು ಬಂತು. ಅಲಕಾ ಬರಲಿಲ್ಲ. “ಹೇಳಿ ಬರ್ರಿ,” ಎಂದಷ್ಟೇ ಹೇಳಿದಳು.

ಹೊಸ ಹೊಳೆಗುಂದಿಯ ಶಾಲೆಯ ಮುಂದೆ ಪೆಂಡಾಲು ಹಾಕಿದ್ದರು. ನುಣುಪಾದ ಹೊಸ ಕಲ್ಲಿಗೆ ಬಿಳೀ ಬಟ್ಟೆ ಹೊದಿಸಿದ್ದರು. ಮೆಡಲು ಹಾಕಿಕೊಂಡ ಮಾಜಿ ಸೈನಿಕರು ಸಾಲಾಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಪರಸಪ್ಪ ಕೂತಿದ್ದ. ಎಪ್ಪತ್ತಾರು ವರ್ಷ, ಹೊಸ ರುಮಾಲು, ಕೈಯಲ್ಲಿ ಕೋಲು. ತಾರವ್ವ ಪೆಂಡಾಲಿನ ಕಂಬಕ್ಕೆ ಒರಗಿ ನಿಂತಿದ್ದಳು, ಕಾಲ ಬಳಿ ತುಂಬಿದ ಹಿತ್ತಾಳೆ ಕೊಡ. ಬಟ್ಟೆ ಸರಿಸಿದಾಗ ಜಯಘೋಷವಾಯಿತು. ನಾನು ಕೊಟ್ಟ ಸಾಲುಗಳ ಕೆಳಗೆ ‘ದುರಗಪ್ಪ’ ಎಂದು ದೊಡ್ಡದಾಗಿ ಕೆತ್ತಿತ್ತು. ಪರಸಪ್ಪ ಮಗಳಿಂದ ಕೇಳಿ ಕೇಳಿ ಆ ನಾಲ್ಕು ಅಕ್ಷರದ ಮೇಲೆ ಬೆರಳಾಡಿಸಿದ. ತಾರವ್ವ ಕಂಬ ಬಿಟ್ಟು ಬರಲಿಲ್ಲ. “ಅತ್ತೆ, ನೀರ ಹಾಕ ಬಾ,” ಎಂದು ಯಾರೋ ಕರೆದರೂ ಕೊಡ ಎತ್ತಲಿಲ್ಲ.

ನನ್ನ ಸರದಿ ಬಂತು. ಜೇಬಿನಲ್ಲಿದ್ದ ಭಾಷಣದ ಚೀಟಿಯನ್ನು ತೆಗೆಯಲೇ ಇಲ್ಲ.

“ಇವತ್ತು ನಾನು ಭಾಷಣ ಮಾಡುವುದಿಲ್ಲ,” ಎಂದೆ. “ಒಂದು ಸತ್ಯ ಹೇಳಬೇಕು. ನಮ್ಮ ಹಳೇ ಕಲ್ಲು ನೀರಿಗೆ ಹೋಗಿಲ್ಲ. ನಮ್ಮ ತಂದೆ ಅದನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಬಂದರು. ಅದು ನಮ್ಮ ಮನೆಯಲ್ಲಿದೆ. ಇಪ್ಪತ್ನಾಲ್ಕು ವರ್ಷದಿಂದ…”

ಇಲ್ಲಿ ನಾನು ನಿಂತೆ. ಗಂಟಲು ಕಟ್ಟಿತ್ತು. ಈ ಸಲ ಖರೇನೇ ಕಟ್ಟಿತ್ತು. ಆದರೆ ಮೂವತ್ತು ವರ್ಷದಿಂದ ನಾನು ಸುಮ್ಮನಾದ ಕಡೆಯೆಲ್ಲ ಜನ ಏನು ಮಾಡುತ್ತಿದ್ದರೋ ಇಲ್ಲಿಯೂ ಅದನ್ನೇ ಮಾಡಿದರು. ಚಪ್ಪಾಳೆ ತಟ್ಟಿದರು. ಪಂಚಾಯತಿ ಅಧ್ಯಕ್ಷ ಗೌರೀಶ ಓಡಿ ಬಂದು ಮೈಕು ಹಿಡಿದ.

“ಕೇಳಿದ್ರಿಲ್ಲೋ. ಇಡೀ ಊರು ನೀರಾಗ ಹೋಗುವಾಗ ನಮ್ಮ ವೀರನ ಕಲ್ಲನ್ನ ಕುಲಕರ್ಣ್ಯಾರ ಮನೆತನ ಉಳಿಸಿ ಇಟ್ಟೈತಿ. ಇಪ್ಪತ್ನಾಲ್ಕ ವರ್ಷ ಜೋಪಾನ ಮಾಡ್ಯಾರ. ಇಂಥಾವರು ಎಲ್ಲಿ ಸಿಗ್ತಾರ್ರಿ?”

ಶಾಲು ಬಂತು, ಹಾರ ಬಂತು. ಮಾಜಿ ಸೈನಿಕರೊಬ್ಬರು ನನಗೆ ಸಲ್ಯೂಟ್ ಹೊಡೆದರು. ಮೈಕು ನನ್ನಿಂದ ಎರಡಡಿ ದೂರವಿತ್ತು. ಕೈ ಚಾಚಿದರೆ ಸಾಕಿತ್ತು. ನಾನು ಏನು ಮಾಡಿದೆ? ಕುತ್ತಿಗೆ ಬಾಗಿಸಿ ಹಾರ ಹಾಕಿಸಿಕೊಂಡೆ. ಬಾಗಿಸಿದ್ದು ನಾಚಿಕೆಯಿಂದ ಎಂದು ನನಗೆ ನಾನು ಹೇಳಿಕೊಂಡೆ, ನೋಡಿದವರು ವಿನಯ ಎಂದುಕೊಂಡರು.

ಕೆಳಗಿಳಿದಾಗ ಸಂಘಮಿತ್ರಾ ಎದುರಿಗೆ ಬಂದಳು. ಅವಳು ಚಪ್ಪಾಳೆ ತಟ್ಟಿರಲಿಲ್ಲ.

“ಎಲ್ಲಿ ಇಟ್ಟೀರಿ ಸರ ಕಲ್ಲು?”

“ಹಿತ್ತಲದಾಗ ಐತವ್ವಾ.”

“ಹಿತ್ತಲದಾಗ ಎಲ್ಲಿ?”

ಅಷ್ಟರಲ್ಲಿ ಯಾರೋ ಸೆಲ್ಫಿಗೆಂದು ನನ್ನ ಹೆಗಲ ಮೇಲೆ ಕೈ ಹಾಕಿದರು. ನಾನು ಫೋಟೋ ಕಡೆ ತಿರುಗಿದೆ. ಮತ್ತೆ ಈ ಕಡೆ ನೋಡಿದಾಗ ಅವಳು ಹೋಗಿದ್ದಳು.

ಎಲ್ಲರೂ ಶಾಲೆಯ ಸಭಾಂಗಣದಲ್ಲಿ ಊಟಕ್ಕೆ ಕೂತರು. ಗೋಧಿ ಹುಗ್ಗಿ, ಅನ್ನ, ಸಾರು. ಶ್ರಾದ್ಧದ ದಿನ ಹೊರಗೆ ಉಣ್ಣುವುದಿಲ್ಲ ಎಂದು ನಾನು ತಪ್ಪಿಸಿಕೊಂಡೆ. ಅದು ಖರೆ, ಅನುಕೂಲವೂ ಆಗಿತ್ತು. ಖಾಲಿ ಪೆಂಡಾಲಿನಲ್ಲಿ ತಾರವ್ವ ಒಬ್ಬಳೇ ಕೊಡದ ಪಕ್ಕ ಕೂತಿದ್ದಳು. ಸುಮ್ಮನೆ ಹೋಗಿ ಕಾರಿನಲ್ಲಿ ಕೂರಬಹುದಿತ್ತು. ಕಾಲು ಅತ್ತ ಹೋಗಲಿಲ್ಲ.

“ಕಲ್ಲಿಗೆ ನೀರು ಹಾಕಲಿಲ್ಲ ನೀವು,” ಎಂದೆ.

“ಅದು ಕಲ್ಲಲ್ರಿ. ಅದು ಬೋರ್ಡ,” ಎಂದಳು. ಆಮೇಲೆ ನನ್ನ ಕಡೆ ನೋಡದೆ, ಬಹಳ ಸಹಜವಾಗಿ, “ಅವತ್ತ ನಿಮ್ಮ ಹಿತ್ತಲದಾಗ ನಾ ಕಪ್ಪ ತೊಳ್ಯಾಕ ಕೂತಿರಲಿಲ್ರಿ ಸಣ್ಣ ರಾಯರ. ಅದಕ್ಕ ನೀರ ಹಾಕಿದ್ನಿ.”

ಎದುರಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ.

“ಗೊತ್ತಾತೇನು ನಿಮಗ?”

“ಮೂವತ್ತ ವರ್ಷ ಕೈಯಾಡಿಸಿದ ಕಲ್ಲರಿ. ಒಡದ ಮೂಲಿ ನೋಡಿದ್ನಿ. ಕೆಳಗ ಕೈ ಹಾಕಿದ್ರ ಅಕ್ಷರ ಸಿಕ್ಕವು. ಓದಾಕ ಬರದಿದ್ರ ಏನಾತು.”

“ಮತ್ತ ಅವತ್ತ ಯಾಕ ಅನ್ನಲಿಲ್ಲ? ಮಗಳಿಗೂ ಹೇಳಿಲ್ಲಲ್ಲ.”

“ನೀವ ಹೇಳ್ತೀರಿ ಅಂತ ಕಾದ್ನಿ. ನನ್ನ ಮಗಳಿಗೆ ಸಾಲಿ ಕಲಿಸಿದವರ ನೀವು. ನಾ ಹೇಳಿದ್ರ ಆಕಿ ನಿಮ್ಮನ್ನ ಹೆಂಗ ನೋಡ್ತಿದ್ಳು?”

ನನ್ನ ಮರ್ಯಾದೆಯನ್ನು ಇಷ್ಟು ದಿನ ಅವಳು ಕಾಯ್ದಿದ್ದಳು. ಒಂದು ತಿಂಗಳಿಗೂ ಮೇಲೆ. ಇದಕ್ಕಿಂತ ಅವಳು ಚಪ್ಪಲಿ ತೆಗೆದು ಹೊಡೆದಿದ್ದರೆ ಹಗುರವಾಗುತ್ತಿತ್ತು.

“ಇವತ್ತ ಹೇಳಿದ್ನಲ್ಲಾ ತಾರವ್ವ,” ಎಂದೆ. ನನ್ನ ಧ್ವನಿ ನನಗೇ ಹೇಸಿಗೆ ಎನ್ನಿಸಿತು.

“ಅರ್ಧಾ ಹೇಳಿದ್ರಿ. ಉಳದ ಅರ್ಧಾ ಶಾ‌ಲು ಹೊಚ್ಚಿ ಮುಚ್ಚಿದ್ರಿ,” ಎಂದಳು. ಕೋಪವಿರಲಿಲ್ಲ. ಕೊಡದ ಬಾಯಿಗೆ ಕೂತ ನೊಣ ಓಡಿಸಿದಳು. “ಹೋಗ್ರಿ. ಮಂದಿ ಇನ್ನೂ ಉಣ್ಣಾಕತ್ತೈತಿ. ಎದ್ದ ಹೋದ ಮ್ಯಾಲೆ ಯಾರಿಗೆ ಹೇಳ್ತೀರಿ?”

ಮೈಕಿನವನು ವೈರು ಸುತ್ತಿ ಆಗಿತ್ತು. ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ, ಹಾರ ತೆಗೆದು ಅದರ ಮೇಲಿಟ್ಟು, ಶಾಲೆಯ ಸಭಾಂಗಣದ ಬಾಗಿಲಿಗೆ ಹೋದೆ. ಪಂಕ್ತಿಯಲ್ಲಿ ಇನ್ನೂರು ಜನರಿದ್ದರು. ಪರಸಪ್ಪ ಗೌರೀಶನ ಪಕ್ಕದಲ್ಲೇ ಕೂತು ಹುಗ್ಗಿ ಉಣ್ಣುತ್ತಿದ್ದ. ಸಂಘಮಿತ್ರಾ ಸಾರಿನ ಬಕೀಟು ಹಿಡಿದು ಬಡಿಸುತ್ತಿದ್ದಳು. ಮೈಕಿಲ್ಲದೆ ನನ್ನ ಧ್ವನಿ ಎಷ್ಟು ಸಣ್ಣದೆಂದು ನನಗೆ ಅಂದು ಗೊತ್ತಾಯಿತು. ಎರಡು ಸಲ ಕೂಗಬೇಕಾಯಿತು.

“ನಾ ಪೂರ್ತಿ ಹೇಳಲಿಲ್ಲ,” ಎಂದೆ. “ನಾವು ಕಲ್ಲು ಉಳಿಸಲಿಲ್ಲ. ಸುಳ್ಳು ಬರೆದು, ಕದ್ದು ಒಯ್ದಿವಿ. ಅಕ್ಷರ ಕೆಳಗ ಮಾಡಿ ಹಿತ್ತಲದಾಗ ಹಾಕೀವಿ. ಇಪ್ಪತ್ನಾಲ್ಕು ವರ್ಷ ಅದರ ಮ್ಯಾಲೆ ಬಟ್ಟೆ ಒಗದೀವಿ. ಅದು ದುರಗಪ್ಪನ ಕಲ್ಲು ಅಂತ ನನಗ ಮೊದಲ ದಿನದಿಂದ ಗೊತ್ತಿತ್ತು.”

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾರಿನ ಸೌಟು ಬಕೀಟಿನಲ್ಲೇ ನಿಂತಿತು. ಸಂಘಮಿತ್ರಾ ನನ್ನನ್ನು ನೋಡಿದಳು, ಆಮೇಲೆ ನೋಡುವುದನ್ನು ಬಿಟ್ಟಳು. ಗೌರೀಶ ಎಲೆಯ ಕಡೆ ತಲೆ ತಗ್ಗಿಸಿದ. ಪರಸಪ್ಪನ ಕೈ ತುತ್ತಿನ ಸಮೇತ ಅರ್ಧಕ್ಕೆ ನಿಂತಿತ್ತು. ಅವನು ತುತ್ತನ್ನು ಎಲೆಗೆ ಇಳಿಸಿ, ಕೈ ತೊಳೆಯದೆ, ಕೋಲು ಊರಿ ಎದ್ದು ಬಂದು ನನ್ನನ್ನು ದಾಟಿ ಹೊರಗೆ ಹೋದ. ನಾನು ಅವನ ಹಿಂದೆ ನಡೆದೆ.

ಪೆಂಡಾಲಿನ ಬಳಿ ತಾರವ್ವ ಸಿಂಬಿ ಸುತ್ತಿ ಕೊಡವನ್ನು ತಲೆಗೇರಿಸಿಕೊಂಡಿದ್ದಳು. ಕಾರಿನ ಬಾಗಿಲು ತೆರೆದು ಅವರಿಬ್ಬರೂ ಹತ್ತಲೆಂದು ನಿಂತೆ. ಮನೆಯ ಹೌದು ತುಂಬಿದೆ, ನೀರು ಬೇಕಾದಷ್ಟಿದೆ, ಜಮಖಂಡಿಯವರೆಗೆ ನಲವತ್ತು ಕಿಲೋಮೀಟರು ತುಂಬಿದ ಕೊಡ ಹೊರುವುದು ಬೇಡ ಎಂದು ಹೇಳಿದೆ.

“ನಿಮ್ಮ ಮನಿ ನೀರ ಅದಕ್ಕ ಸಾಕಷ್ಟ ಬಿದ್ದಾವ್ರಿ,” ಎಂದಳು ತಾರವ್ವ. “ನಡ್ರಿ. ನೀರ ನಾ ತಂದೇನಿ.”